ಸಣ್ಣ ಚಿತ್ರಕ್ಕೆ ಸಂತೆ ಕಟ್ಟುವವರು ಯಾರು?

ಕಳೆದ ತಿಂಗಳು ನಡೆದ ಒಂದು ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ನಮ್ಮ ಊರಿನ ಒಂದು ಚಿತ್ರಮಂದಿರಕ್ಕೆ ಶುಕ್ರವಾರದ ದಿನ ಸಣ್ಣದೊಂದು ಕನ್ನಡ ಚಿತ್ರ ಬಂದಿತು. ಹೆಸರಾಂತ ನಟರಿಲ್ಲ, ಹೊಡೆದಾಟವಿಲ್ಲ. ಕೂಲಿ ಮಾಡುವ ತಾಯಿಯೊಬ್ಬಳು ಮಗನನ್ನು ಓದಿಸಲು ಪಡುವ ಪಾಡೇ ಅದರ ಕಥೆಯೆಂದು ಮೊದಲ ದಿನ ನೋಡಿಬಂದ ಹುಡುಗರು ಹೇಳಿದರು. ನೂಲಿನ ಗಿರಣಿಯಲ್ಲಿ ಎರಡನೆಯ ಪಾಳಿಗೆ ದುಡಿಯುವ ಹತ್ತು ಹನ್ನೆರಡು ಮಂದಿ ಗೆಳೆಯರು, “ಮಾಸ್ತರೇ, ಮಂಗಳವಾರ ನಮಗೆ ವಾರದ ರಜೆ. ಎಲ್ಲರೂ ಒಟ್ಟಿಗೆ ಹೋಗೋಣ” ಎಂದರು. ಇಬ್ಬರು ಮನೆಯವರನ್ನೂ ಮಕ್ಕಳನ್ನೂ ಕರೆತಂದಿದ್ದರು. ಮಂಗಳವಾರ ಸಂಜೆ ಹೋಗಿ ನೋಡಿದರೆ ಗೋಡೆಯ ಮೇಲೆ ಬೇರೆ ಚಿತ್ರದ ಪೋಸ್ಟರು! ನಮ್ಮ ಚಿತ್ರವನ್ನು ಸೋಮವಾರವೇ ಎತ್ತಿಬಿಟ್ಟಿದ್ದರು.

ಮ್ಯಾನೇಜರರನ್ನು ಕಂಡು ಕೇಳಿದೆ. ಅವರು ಕೆಟ್ಟ ಮನುಷ್ಯರೇನಲ್ಲ. “ಮಾಸ್ತರೇ, ಶನಿವಾರ ಸಂಜೆ ಆಟಕ್ಕೆ ಹದಿನೇಳು ಜನ, ಭಾನುವಾರ ಮೂವತ್ತೊಂದು ಜನ. ನನ್ನದು ನಾನೂರು ಕುರ್ಚಿಯ ಮಂದಿರ. ಕರೆಂಟು ಬಿಲ್ಲು ಕಟ್ಟುವವನು ನಾನು. ಮಂಗಳವಾರ ಬರುತ್ತೇವೆ ಎಂದು ನೀವು ಗುರುವಾರವೇ ಒಂದು ಮಾತು ಹೇಳಿದ್ದರೆ ಎರಡು ದಿನ ಇಟ್ಟುಕೊಳ್ಳುತ್ತಿದ್ದೆ” ಎಂದರು. ಅವರ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಈ ಲೇಖನ ಆ ಒಂದು ಮಾತಿನ ವಿಸ್ತಾರವಷ್ಟೇ.

ಒಂದು ಚಿತ್ರದ ಹಣೆಬರಹ ಇಂದು ಮೂರು ದಿನಗಳಲ್ಲಿ ತೀರ್ಮಾನವಾಗುತ್ತದೆ. ಶುಕ್ರವಾರ, ಶನಿವಾರ, ಭಾನುವಾರ. ಈ ಮೂರು ದಿನ ಯಾರಿಗೆ ಬಿಡುವು? ಕಚೇರಿಯ ನೌಕರರಿಗೆ, ಕಾಲೇಜಿನ ಹುಡುಗರಿಗೆ. ಗಿರಣಿಯ ಕಾರ್ಮಿಕನ ರಜೆ ಪಾಳಿಯ ಪ್ರಕಾರ ಬರುತ್ತದೆ. ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಗುರುವಾರ. ಕಿರಾಣಿ ಅಂಗಡಿಯವನಿಗೆ ಭಾನುವಾರವೇ ಹೆಚ್ಚು ಗಿರಾಕಿ. ಇನ್ನು ಕೈಯಲ್ಲಿ ಕಾಸು ಇರುವುದು ಬಟವಾಡೆಯಾದ ಮೊದಲ ವಾರದಲ್ಲಿ ಮಾತ್ರ. ಚಿತ್ರ ತಿಂಗಳ ಕೊನೆಯ ಶುಕ್ರವಾರ ಬಂದರೆ ನಮ್ಮ ಪಾಲಿಗೆ ಅದು ಬಂದಂತೆಯೇ ಅಲ್ಲ. ನಮ್ಮ ಬದುಕಿನ ಕಥೆ ಹೇಳುವ ಚಿತ್ರವನ್ನು ನಾವು ನೋಡುವ ಮೊದಲೇ “ಜನ ಬರಲಿಲ್ಲ” ಎಂಬ ತೀರ್ಪು ಬರೆದಾಗಿರುತ್ತದೆ. ಆ ತೀರ್ಪಿನಲ್ಲಿ ದುಡಿಯುವ ಜನ ಲೆಕ್ಕಕ್ಕೇ ಸೇರಿರುವುದಿಲ್ಲ.

ವ್ಯಾಪಾರಸ್ಥ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಸಾಬೂನು ಎಷ್ಟೇ ಚೆನ್ನಾಗಿರಲಿ, ಅಂಗಡಿಯ ಕಣ್ಣೆದುರಿನ ಕಪಾಟಿನಲ್ಲಿ ಜಾಗ ಸಿಕ್ಕದಿದ್ದರೆ ಯಾರು ಕೊಳ್ಳುತ್ತಾರೆ? ಸಾಬೂನಾದರೂ ಆರು ತಿಂಗಳು ಮೂಲೆಯಲ್ಲಿ ಕಾದೀತು. ಚಿತ್ರವೆಂಬುದು ಟೊಮೆಟೊ ಹಣ್ಣಿನಂಥ ಸರಕು. ಮಂಡಿಗೆ ಬಂದ ದಿನ ಮಾರಾಟವಾಗದಿದ್ದರೆ ಮರುದಿನ ರಸ್ತೆಯ ಬದಿಗೆ.

ಈ ಮಂಡಿಯ ವ್ಯವಹಾರ ಹೇಗೆ ನಡೆಯುತ್ತದೆ ನೋಡೋಣ. ದೊಡ್ಡ ನಟನ ಚಿತ್ರವಾದರೆ ಹಂಚಿಕೆದಾರರು ತಾವಾಗಿಯೇ ಬಂದು, ಪ್ರದೇಶವಾರು ಹಕ್ಕನ್ನು ಮುಂಗಡ ಕೊಟ್ಟು ಕೊಳ್ಳುತ್ತಾರೆ. ಇಲ್ಲವೆ ಇಂತಿಷ್ಟು ಹಣಕ್ಕೆ ಖಾತರಿ ಕೊಡುತ್ತಾರೆ. ಸಣ್ಣ ಚಿತ್ರಕ್ಕೆ ಇವೆರಡೂ ಇಲ್ಲ. ಹಂಚಿಕೆದಾರ ಕಮಿಷನ್ನಿಗೆ ಮಾತ್ರ ಒಪ್ಪುತ್ತಾನೆ. ನಷ್ಟವಾದರೆ ಅವನದೇನೂ ಹೋಗುವುದಿಲ್ಲ. ಒಂದೇ ಪರದೆಯ ಮಂದಿರಗಳಲ್ಲಿ ವಾರದ ಬಾಡಿಗೆಯ ಪದ್ಧತಿಯಿದೆ. ಜನ ಬರಲಿ ಬಿಡಲಿ, ಬಾಡಿಗೆ ನಿರ್ಮಾಪಕನ ತಲೆಯ ಮೇಲೆ. ಮಲ್ಟಿಪ್ಲೆಕ್ಸುಗಳಲ್ಲಿ ಪಾಲಿನ ಪದ್ಧತಿ. ೨೦೦೯ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಚಿತ್ರಗಳನ್ನೇ ಕೊಡದೆ ಹಟ ಹಿಡಿದು ಮಾಡಿಕೊಂಡ ಒಪ್ಪಂದದಲ್ಲಿ, ತೆರಿಗೆ ಕಳೆದು ಬಂದ ಹಣದಲ್ಲಿ ನಿರ್ಮಾಪಕನ ಕಡೆಗೆ ಮೊದಲ ವಾರ ನೂರಕ್ಕೆ ೫೦, ಎರಡನೆಯ ವಾರ ೪೨.೫, ಮೂರನೆಯ ವಾರ ೩೭.೫, ಆಮೇಲೆ ೩೦ ಎಂದು ಗೊತ್ತಾಯಿತು. ದಿನ ಕಳೆದಂತೆ ಪಾಲು ಇಳಿಯುತ್ತದೆ ಎಂಬುದನ್ನು ಗಮನಿಸಬೇಕು. ಮೊದಲ ವಾರವೇ ದೊಡ್ಡ ಗಲ್ಲಾ ಮಾಡುವ ಚಿತ್ರಕ್ಕೆ ಇದು ಲಾಭ. ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ಹಬ್ಬಿ ಮೂರನೆಯ ವಾರಕ್ಕೆ ಜನ ಬರುವ ಸಣ್ಣ ಚಿತ್ರಕ್ಕೆ ಇದೇ ಪೆಟ್ಟು.

ರೀಲಿನ ಪೆಟ್ಟಿಗೆಗಳ ಕಾಲ ಮುಗಿದ ಮೇಲೆ ಖರ್ಚು ಇಳಿಯುತ್ತದೆಂದು ಎಲ್ಲರೂ ನಂಬಿದ್ದೆವು. ಇಳಿಯಿತು, ನಿಜ. ಆದರೆ ಅದರ ಜಾಗದಲ್ಲಿ ಡಿಜಿಟಲ್ ಕಂಪೆನಿಗಳ ಶುಲ್ಕ ಬಂದು ಕುಳಿತಿದೆ. ಪರದೆಗೆ ಇಷ್ಟು ಎಂದು ತೆರಬೇಕು. ಪೋಸ್ಟರು, ಪತ್ರಿಕೆಯ ಜಾಹೀರಾತು, ಆಟೋದಲ್ಲಿ ಮೈಕು ಕಟ್ಟಿ ಸಾರುವ ಖರ್ಚು ಬೇರೆ. ಲೆಕ್ಕಕ್ಕೆ ಹೇಳುತ್ತೇನೆ. ನೀವು ಕೊಟ್ಟ ೧೦೦ ರೂಪಾಯಿಯಲ್ಲಿ ತೆರಿಗೆ ಕಳೆದು ಸುಮಾರು ೯೫ ಉಳಿಯಿತು. ಅರ್ಧ ಮಂದಿರಕ್ಕೆ. ಮಿಕ್ಕ ೪೭ ಚಿಲ್ಲರೆಯಲ್ಲಿ ಹಂಚಿಕೆದಾರನ ಕಮಿಷನ್, ಡಿಜಿಟಲ್ ಶುಲ್ಕ, ಪ್ರಚಾರದ ಬಾಕಿ. ಚಿತ್ರ ತೆಗೆದವನ ಕೈಗೆ ಬರುವುದನ್ನು ನೀವೇ ಊಹಿಸಿಕೊಳ್ಳಬಹುದು. ಬೆಳೆದವನಿಗಿಂತ ತೂಗಿದವನಿಗೇ ಹೆಚ್ಚು ಎಂಬುದು ನಮ್ಮ ರೈತ ಬಾಂಧವರು ಮಂಡಿಯಲ್ಲಿ ದಿನವೂ ಅನುಭವಿಸುವ ಸತ್ಯ.

ಹಾಗಾದರೆ ದಾರಿಯೇ ಇಲ್ಲವೆ? ಇದೆ. ಆ ದಾರಿಯನ್ನು ತೋರಿಸಿಕೊಟ್ಟವರು ಸಿನಿಮಾದವರಲ್ಲ, ಹಾಲು ಕರೆಯುವ ಜನ.

ಗುಜರಾತಿನ ಆನಂದದಲ್ಲಿ ೧೯೪೬ರಲ್ಲಿ ಹಾಲಿನ ದಲ್ಲಾಳಿಗಳ ಕಾಟಕ್ಕೆ ಬೇಸತ್ತ ರೈತರು ತಮ್ಮದೇ ಸಹಕಾರ ಸಂಘ ಕಟ್ಟಿದರು. ಇಂದಿನ ಅಮುಲ್ ಅದರಿಂದ ಬೆಳೆದುದು. ಆ ಕಥೆಯನ್ನು ಚಿತ್ರವಾಗಿಸಬೇಕೆಂದು ಶ್ಯಾಮ್ ಬೆನಗಲ್ ಹೊರಟಾಗ ಬೇಕಾಗಿದ್ದುದು ೧೦ ಲಕ್ಷ ರೂಪಾಯಿ. ಸಹಕಾರ ಸಂಘಗಳ ಮುಖಂಡರಾಗಿದ್ದ ವರ್ಗೀಸ್ ಕುರಿಯನ್ ಯಾವ ಸಾಹುಕಾರನ ಬಾಗಿಲಿಗೂ ಹೋಗಲಿಲ್ಲ. ಸಂಘದ ಸದಸ್ಯರಾದ ೫ ಲಕ್ಷ ರೈತರು ತಮ್ಮ ಹಾಲಿನ ಹಣದಲ್ಲಿ ತಲೆಗೆ ೨ ರೂಪಾಯಿ ಬಿಟ್ಟುಕೊಟ್ಟರು. ಐದು ಲಕ್ಷವನ್ನು ಎರಡರಿಂದ ಗುಣಿಸಿದರೆ ಹತ್ತು ಲಕ್ಷ, ಚಿತ್ರ ಮುಗಿಯಿತು! ೧೯೭೬ರ ‘ಮಂಥನ್’ ಅದೇ. ನಮ್ಮ ಗಿರೀಶ ಕಾರ್ನಾಡರು, ಅನಂತನಾಗ್ ಅದರಲ್ಲಿ ಅಭಿನಯಿಸಿದ್ದಾರೆ. ಚಿತ್ರದ ಆರಂಭದಲ್ಲಿ ಅದನ್ನು ಅರ್ಪಿಸುವವರು ಗುಜರಾತಿನ ಐದು ಲಕ್ಷ ರೈತರು ಎಂದೇ ಬರುತ್ತದೆ.

ಎರಡು ರೂಪಾಯಿಯಿಂದ ಚಿತ್ರ ತೆಗೆದರು ಎಂಬಲ್ಲಿಗೆ ಈ ಕಥೆಯನ್ನು ಎಲ್ಲರೂ ನಿಲ್ಲಿಸುತ್ತಾರೆ. ಅದರ ಮುಂದಿನದೇ ನಮಗೆ ಮುಖ್ಯವಾದ ಪಾಠ. ಚಿತ್ರ ಬಿಡುಗಡೆಯಾದಾಗ ಹಳ್ಳಿಗಳಿಂದ ರೈತರು ಲಾರಿಗಳಲ್ಲಿ, ಎತ್ತಿನ ಗಾಡಿಗಳಲ್ಲಿ ತುಂಬಿಕೊಂಡು ನೋಡಲು ಬಂದರು. ಏಕೆ ಬಂದರು? ಅದು ಅವರ ದುಡ್ಡಿನ ಚಿತ್ರ, ಅವರ ಮಾತಿನ ಚಿತ್ರ. ಎರಡು ರೂಪಾಯಿ ಕೊಟ್ಟ ದಿನವೇ ಐದು ಲಕ್ಷ ಪ್ರೇಕ್ಷಕರು ಗೊತ್ತಾಗಿಹೋಗಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಚಿತ್ರದ ಸಣ್ಣ ಪ್ರತಿಗಳನ್ನು ಮಾಡಿಸಿ, ಒಬ್ಬ ಪಶುವೈದ್ಯ, ಒಬ್ಬ ಹಾಲಿನ ತಜ್ಞ, ಒಬ್ಬ ಮೇವಿನ ತಜ್ಞ ಇರುವ ತಂಡದೊಡನೆ ಬೇರೆ ಬೇರೆ ರಾಜ್ಯಗಳ ಹಳ್ಳಿಗಳಿಗೆ ಕಳುಹಿಸಿದರು. ಚಿತ್ರ ತೋರಿಸುವುದು, ಆಮೇಲೆ ಕುಳಿತು ಸಂಘ ಕಟ್ಟುವ ಮಾತಾಡುವುದು. ಇಂದು ನಮ್ಮ ಹಳ್ಳಿ ಹಳ್ಳಿಯಲ್ಲಿರುವ ನಂದಿನಿ ಹಾಲಿನ ಸಂಘಗಳೂ ಆನಂದದ ಅದೇ ಮಾದರಿಯವು. ಅರ್ಧ ಶತಮಾನದ ಹತ್ತಿರ ಬಂದ ಮೇಲೂ ಆ ಚಿತ್ರಕ್ಕೆ ಮುಪ್ಪು ಬಂದಿಲ್ಲ. ೨೦೨೪ರಲ್ಲಿ ಅದನ್ನು ದುರಸ್ತಿಮಾಡಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ವರ್ಷದ ಜೂನ್ ತಿಂಗಳಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೂ ಅದು ಮರಳಿ ಬಂದಿತು.

ಇಲ್ಲಿ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ‘ಮಂಥನ್’ ಹಿಂದೆ ಬಲವಾದ ಮಹಾಮಂಡಲವಿತ್ತು. ತನ್ನ ಕೆಲಸದ ಕಥೆಯನ್ನೇ ಅದು ತೆಗೆಸಿತು. ಎಲ್ಲ ಚಿತ್ರಕ್ಕೂ ಅಂಥ ಬೆನ್ನೆಲುಬು ಎಲ್ಲಿಂದ ಬರಬೇಕು? ನ್ಯಾಯವಾದ ಪ್ರಶ್ನೆ. ಅದಕ್ಕೆ ಕೇರಳದ ಉದಾಹರಣೆ ನೋಡಿ. ಅಲ್ಲಿ ಜಾನ್ ಅಬ್ರಹಾಂ ಎಂಬ ನಿರ್ದೇಶಕರಿದ್ದರು. ಹಿಂದಿಯ ನಟನಲ್ಲ, ಅದೇ ಹೆಸರಿನ ಬೇರೆ ಮನುಷ್ಯ; ೧೯೮೭ರಲ್ಲಿ ತೀರಿಕೊಂಡರು. ೧೯೮೪ರಲ್ಲಿ ಅವರು ಗೆಳೆಯರೊಡನೆ ‘ಒಡೆಸ್ಸಾ’ ಎಂಬ ಕೂಟ ಕಟ್ಟಿ, ಊರೂರಿಗೆ ಹೋಗಿ ಡೋಲು ಬಾರಿಸಿ, ಚಿತ್ರ ತೋರಿಸಿ, ಜನರಿಂದ ಚಂದಾ ಎತ್ತಿ ೧೯೮೬ರಲ್ಲಿ ‘ಅಮ್ಮ ಅರಿಯಾನ್’ ತೆಗೆದರು. ಸತ್ತ ಗೆಳೆಯನ ಸುದ್ದಿಯನ್ನು ಅವನ ತಾಯಿಗೆ ತಿಳಿಸಲು ಯುವಕರು ವಯನಾಡಿನಿಂದ ಕೊಚ್ಚಿಯವರೆಗೆ ಹೋಗುವ ಕಥೆ. ಚಂದಾ ಎತ್ತಿದ ಜನರಿಗೇ ಚಿತ್ರವನ್ನು ಊರೂರಿಗೆ ಹೊತ್ತು ತೋರಿಸಿದರು. ಹಂಚಿಕೆದಾರನ ಹಂಗೇ ಇಲ್ಲ. ಆದರೆ ಜಾನ್ ತೀರಿಕೊಂಡ ಮೇಲೆ ಆ ಕೂಟಕ್ಕೆ ಮೊದಲಿನ ವೇಗ ಉಳಿಯಲಿಲ್ಲ. ಉತ್ಸಾಹದಿಂದ ಒಂದು ಚಿತ್ರ ಹುಟ್ಟೀತು. ಎರಡನೆಯದು ಹುಟ್ಟಬೇಕಾದರೆ ಪಟ್ಟಿ, ಲೆಕ್ಕ, ರಸೀದಿ, ತಿಂಗಳ ಸಭೆ ಇವೆಲ್ಲ ಇರುವ ಸಂಘ ಬೇಕು.

ನಮ್ಮ ಕನ್ನಡ ನಾಡು ಈ ವಿಷಯದಲ್ಲಿ ಬರಿಗೈಯದೇನೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ೧೯೭೦ರ ದಶಕದಲ್ಲಿಯೇ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯರ ಚಿತ್ರಗಳನ್ನೂ ಪರದೇಶದ ಚಿತ್ರಗಳನ್ನೂ ಅಡಿಕೆ ಸುಲಿಯುವ ಜನರ ಮುಂದೆ ತೋರಿಸಿತು. ಹಳ್ಳಿಯವರಿಗೆ ಇದು ಅರ್ಥವಾದೀತೆ ಎಂದು ಪಟ್ಟಣದ ಪಂಡಿತರು ಕೇಳುತ್ತಿದ್ದ ಪ್ರಶ್ನೆಗೆ ಹೆಗ್ಗೋಡಿನ ಜನ ಕುಳಿತು ನೋಡಿಯೇ ಉತ್ತರ ಕೊಟ್ಟರು. ೨೦೧೨ರಲ್ಲಿ ಪವನ್ ಕುಮಾರ್ ‘ಲೂಸಿಯಾ’ಕ್ಕೆ ನಿರ್ಮಾಪಕರು ಸಿಕ್ಕದೆ ನೇರವಾಗಿ ಜನರನ್ನೇ ಕೇಳಿದಾಗ ೧೧೦ ಮಂದಿ ಸೇರಿ ೨೭ ದಿನಗಳಲ್ಲಿ ಸುಮಾರು ೫೦ ಲಕ್ಷ ರೂಪಾಯಿ ಕೊಟ್ಟರು. ಮರುವರ್ಷ ಸೆಪ್ಟೆಂಬರಿನಲ್ಲಿ ಚಿತ್ರ ತೆರೆಗೆ ಬಂದಿತು. ಆ ನೂರ ಹತ್ತು ಮಂದಿಯೂ ತಮ್ಮ ಪರಿಚಯದವರಿಗೆಲ್ಲ ಹೇಳದೆ ಇದ್ದಾರೆಯೆ? ಹಣ ಹಾಕಿದವನೇ ಮೊದಲ ಪ್ರಚಾರಕ.

ಇದಕ್ಕೆ ವಿರುದ್ಧವಾದ ಅನುಭವವೂ ಇದೆ. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ನಟಿಸಿದ ‘ತಿಥಿ’ಗೆ ೨೦೧೫ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಬಂದಿತು. ನಮ್ಮ ಚಿತ್ರಮಂದಿರಗಳಿಗೆ ಅದು ಬಂದುದು ೨೦೧೬ರ ಮೇ ತಿಂಗಳಲ್ಲಿ. ಮಂಡ್ಯದ ಅಜ್ಜನನ್ನು ಮಂಡ್ಯದವರಿಗಿಂತ ಒಂಬತ್ತು ತಿಂಗಳು ಮೊದಲು ಸ್ವಿಟ್ಜರ್ಲೆಂಡಿನವರು ನೋಡಿದರು! ೨೦೧೫ರ ಜುಲೈ ೩ರಂದು ಹೊಸಬರ ‘ರಂಗಿತರಂಗ’ ಬಂದಿತು. ಒಂದೇ ವಾರಕ್ಕೆ, ಜುಲೈ ೧೦ರಂದು, ‘ಬಾಹುಬಲಿ’ ಬಂದಿತು. ಆನೆ ನಡೆದ ದಾರಿಯಲ್ಲಿ ಸಣ್ಣ ಚಿತ್ರದ ಆಟಗಳಿಗೆ ಕತ್ತರಿ ಬಿದ್ದಾಗ ಪ್ರೇಕ್ಷಕರೇ ಪ್ರತಿಭಟಿಸಿದರು. ಚಿತ್ರ ಉಳಿಯಿತು, ತಿಂಗಳುಗಟ್ಟಲೆ ಓಡಿತು. ಜನ ಬಾಯಿಬಿಟ್ಟು ಕೇಳಿದರೆ ಮಂದಿರದವನು ಕೊಡುತ್ತಾನೆ. ಕೇಳದಿದ್ದರೆ ದೊಡ್ಡವನ ಚಿತ್ರವನ್ನೇ ಹಾಕುತ್ತಾನೆ. ಅದು ಅವನ ವ್ಯಾಪಾರ.

ಚಿತ್ರ ತೆಗೆಯುವ ಗೆಳೆಯರಿಗೂ ಎರಡು ಕಠಿಣ ಮಾತು ಹೇಳಬೇಕಾಗಿದೆ. ಇದ್ದ ಹಣವನ್ನೆಲ್ಲ ಚಿತ್ರೀಕರಣಕ್ಕೆ ಸುರಿದು, ಬಿಡುಗಡೆಯ ವಾರದಲ್ಲಿ ಪೋಸ್ಟರಿಗೂ ದುಡ್ಡಿಲ್ಲದೆ ಕೂರುವುದು ಯಾವ ವಿವೇಕ? ಮಗಳ ಮದುವೆಗೆ ಚಪ್ಪರ ಹಾಕಿ, ಲಗ್ನಪತ್ರಿಕೆ ಹಂಚಲು ಮರೆತಂತೆ ಇದು. ಬೆಂಗಳೂರಿನಲ್ಲಿ ಪತ್ರಕರ್ತರನ್ನು ಕರೆದು ಒಂದು ಆಟ ತೋರಿಸಿದರೆ ನಾಡಿಗೆಲ್ಲ ತೋರಿಸಿದಂತಾಯಿತೆ? ನಮ್ಮಂಥ ಊರಿಗೆ ಒಂದು ತಿಂಗಳು ಮೊದಲು ಬಂದು, ಗಿರಣಿಯ ಬಾಗಿಲಲ್ಲಿ, ಹಮಾಲರ ಕಟ್ಟೆಯಲ್ಲಿ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಓಣಿಯಲ್ಲಿ ಹತ್ತು ನಿಮಿಷ ಮಾತಾಡಿದ ನಿರ್ದೇಶಕನನ್ನು ನಾನು ಇನ್ನೂ ಕಂಡಿಲ್ಲ. ಆಮೇಲೆ “ಜನರಿಗೆ ಅಭಿರುಚಿಯಿಲ್ಲ” ಎಂದು ದೂರುತ್ತಾರೆ. ಕರೆಯದ ಮನೆಗೆ ಊಟಕ್ಕೆ ಯಾರು ಹೋಗುತ್ತಾರೆ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂದು ನಾವು ನಗುತ್ತೇವೆ. ಸಣ್ಣ ಚಿತ್ರದ ಮಟ್ಟಿಗೆ ಮೊದಲು ಕುಲಾವಿಯನ್ನೇ ಹೊಲಿಸಬೇಕು. ನೋಡುವವರು ಯಾರು, ಎಷ್ಟು ಮಂದಿ, ಯಾವ ದಿನ ಬರುತ್ತಾರೆ ಎಂಬುದು ಗೊತ್ತಾದ ಮೇಲೆ ಚಿತ್ರ ಮಂದಿರಕ್ಕೆ ಹೋಗಬೇಕು.

ನಮ್ಮವರ ತಪ್ಪೂ ಇಲ್ಲದಿಲ್ಲ. ದೊಡ್ಡ ನಟನ ಚಿತ್ರದ ಮೊದಲ ದಿನ ಕಾಳಸಂತೆಯಲ್ಲಿ ಐನೂರು ಕೊಟ್ಟು ನುಗ್ಗುವವರು, ಸಣ್ಣ ಚಿತ್ರಕ್ಕೆ ನೂರು ಕೊಡಲು ಹಿಂದೆ ಮುಂದೆ ನೋಡುತ್ತೇವೆ. “ಮೊಬೈಲಿಗೆ ಬರುತ್ತದೆ ಬಿಡಿ” ಎನ್ನುತ್ತೇವೆ. ಕದ್ದ ಪ್ರತಿ ಮೊಬೈಲಿಗೆ ಬಂದರೆ ದೊಡ್ಡ ನಟನಿಗೆ ಆಗುವುದು ಗಾಯ; ಸಣ್ಣ ಚಿತ್ರಕ್ಕೆ ಆಗುವುದು ಸಾವು. ಅಂಗಡಿಯಲ್ಲಿ ತೂಕಕ್ಕೆ ಮೋಸ ಮಾಡಿದವನನ್ನು ಬಯ್ಯುವ ನಾವು, ಇನ್ನೊಬ್ಬನ ಎರಡು ವರ್ಷದ ದುಡಿಮೆಯನ್ನು ಪುಕ್ಕಟೆಯಾಗಿ ನುಂಗಬಾರದು. ಇನ್ನು ನ್ಯಾಯವಾಗಿ ಹಣ ಕೊಟ್ಟು ಮೊಬೈಲಿನಲ್ಲಿ ನೋಡುವ ದಾರಿಯೂ ಇದೆ. ಕೇರಳ ಸರ್ಕಾರ ೨೦೨೪ರ ಮಾರ್ಚಿನಲ್ಲಿ ‘ಸಿ ಸ್ಪೇಸ್’ ಎಂಬ ತನ್ನದೇ ವೇದಿಕೆ ತೆರೆದು ಚಿತ್ರವೊಂದಕ್ಕೆ ೭೫ ರೂಪಾಯಿ ಇಟ್ಟು, ಅರ್ಧ ಹಣ ನಿರ್ಮಾಪಕನಿಗೆ ಎಂದಿತು. ಒಳ್ಳೆಯ ಕೆಲಸ. ಆದರೆ ನೂರು ಮಂದಿ ಒಟ್ಟಿಗೆ ಕುಳಿತು ನಕ್ಕು, ಅತ್ತು, ಹೊರಗೆ ಬಂದು ಚಹದ ಅಂಗಡಿಯಲ್ಲಿ ವಾದ ಮಾಡುವುದು ಅಂಗೈಯ ಪರದೆಯಿಂದ ಆಗುವ ಕೆಲಸವಲ್ಲ.

ಸರ್ಕಾರದ ಕರ್ತವ್ಯವೇನು? ಚಿತ್ರ ತೆಗೆಯುವುದಕ್ಕೆ ಸಹಾಯಧನ ಕೊಡುವ ಪದ್ಧತಿ ನಮ್ಮಲ್ಲಿ ೧೯೬೦ರ ದಶಕದಿಂದ ಇದೆ. ತೆಗೆದ ಚಿತ್ರವನ್ನು ತೋರಿಸುವುದಕ್ಕೆ ಏನಿದೆ? ಟಿಕೆಟ್ ದರಕ್ಕೆ ೨೦೦ ರೂಪಾಯಿಯ ಮಿತಿ ಹಾಕಲು ೨೦೧೭ರಲ್ಲಿ ಒಮ್ಮೆ ಆದೇಶವಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಮತ್ತೆ ನಿಯಮವಾಯಿತು. ಅದೇ ತಿಂಗಳು ೨೩ರಂದು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ದರ ಇಳಿಯುವುದು ನೋಡುವವನಿಗೆ ಹಿತವೇ. ಆದರೆ ದರ ಇಳಿದ ಮಾತ್ರಕ್ಕೆ ಸಣ್ಣ ಚಿತ್ರಕ್ಕೆ ಆಟ ಸಿಕ್ಕುವುದಿಲ್ಲ ಎಂಬುದನ್ನು ಮರೆಯಬಾರದು. ಕೇರಳದಲ್ಲಿ ಸರ್ಕಾರದ ಚಲಚ್ಚಿತ್ರ ಅಭಿವೃದ್ಧಿ ನಿಗಮವೇ ಚಿತ್ರಮಂದಿರಗಳನ್ನು ನಡೆಸುತ್ತದೆ. ತಿರುವನಂತಪುರದ ಕೈರಳಿ, ನಿಳಾ, ಶ್ರೀ ಮಂದಿರಗಳು ಅದಕ್ಕೆ ಸೇರಿದವು. ನಮ್ಮಲ್ಲಿ ಹೊಸ ಕಟ್ಟಡವನ್ನೂ ಕಟ್ಟಬೇಕಾಗಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ; ಸಭೆ ಸಮಾರಂಭವಿಲ್ಲದ ದಿನ ಬೀಗ ಹಾಕಿರುತ್ತವೆ. ಅಲ್ಲೊಂದು ಒಳ್ಳೆಯ ಪ್ರೊಜೆಕ್ಟರು ಇಟ್ಟು, ವಾರಕ್ಕೆ ಮೂರು ಸಂಜೆ ಸಣ್ಣ ಬಾಡಿಗೆಗೆ ಬಿಟ್ಟುಕೊಡಲಿ. ಸಹಾಯಧನದ ಒಂದು ಪಾಲನ್ನು ಜಿಲ್ಲೆಗಳಲ್ಲಿ ಚಿತ್ರ ತೋರಿಸಿದ ಮೇಲೆ ಕೊಡಲಿ. ಇವೆರಡೇ ನಮ್ಮ ಬೇಡಿಕೆ.

ಸರ್ಕಾರ ಮಾಡುವವರೆಗೂ ಕೈಕಟ್ಟಿ ಕೂರುವುದು ನಮ್ಮ ಜಾಯಮಾನವಲ್ಲ. ಮ್ಯಾನೇಜರರ ಮಾತನ್ನೇ ಹಿಡಿದು ನಮ್ಮ ಊರಿನ ಲೆಕ್ಕ ಹಾಕೋಣ. ಗಿರಣಿಗಳ ಕಾರ್ಮಿಕ ಸಂಘಗಳು, ಹಮಾಲರ ಸಂಘ, ಕಿರಾಣಿ ವರ್ತಕರು, ದರ್ಜಿಗಳು, ಆಟೋ ನಡೆಸುವವರು, ಹಾಲಿನ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಶಾಲೆಯ ಉಪಾಧ್ಯಾಯರು. ಹುಡುಕಿದರೆ ನಲವತ್ತು ಸಂಘಗಳು ಸಿಕ್ಕುತ್ತವೆ. ಒಂದೊಂದು ಸಂಘ ಐವತ್ತು ಟಿಕೆಟು ಹೊತ್ತುಕೊಂಡರೆ ಎರಡು ಸಾವಿರ. ನಾನೂರು ಕುರ್ಚಿಯ ಮಂದಿರಕ್ಕೆ ಐದು ತುಂಬಿದ ಆಟ! ನೂರು ರೂಪಾಯಿಯ ಟಿಕೆಟಾದರೆ ಎರಡು ಲಕ್ಷ ರೂಪಾಯಿಯ ಗಲ್ಲಾ ಚಿತ್ರ ಬರುವ ಮೊದಲೇ ಸಿದ್ಧ. ಪಿಗ್ಮಿ ಕಟ್ಟುವಂತೆ ವಾರಕ್ಕೆ ಹತ್ತು ರೂಪಾಯಿ ಕಟ್ಟಿದರೆ ಹತ್ತು ವಾರಕ್ಕೆ ಒಂದು ಟಿಕೆಟಾಯಿತು. ಬಟವಾಡೆಯ ಕೊನೆಯ ವಾರದ ಚಿಂತೆಯೂ ಇಲ್ಲ. ಮಂಗಳವಾರದ ರಜೆಯವರಿಗೆ ಮಂಗಳವಾರ, ಗುರುವಾರದವರಿಗೆ ಗುರುವಾರ ಆಟ ಇಡಿಸಬಹುದು. ಇಂಥ ಹತ್ತು ಊರುಗಳಾದರೆ ಇಪ್ಪತ್ತು ಸಾವಿರ ಮಂದಿ. ಆಗ ಸಣ್ಣ ಚಿತ್ರ ತೆಗೆಯುವವನು ಹಂಚಿಕೆದಾರನ ಬಾಗಿಲಲ್ಲಿ ಕೈಮುಗಿದು ನಿಲ್ಲಬೇಕಾಗುವುದಿಲ್ಲ. ಕೆಟ್ಟ ಚಿತ್ರ ಬಂದರೆ ಬೇಡವೆನ್ನುವ ಹಕ್ಕೂ ನಮ್ಮದೇ. ಮೊದಲು ನಾಲ್ಕು ಮಂದಿ ನೋಡಿ ಒಪ್ಪಿದ ಮೇಲೆಯೇ ಟಿಕೆಟು ಹೊರುವುದು.

ಇದರಿಂದ ಏನು ಮಹಾ ಬದಲಾವಣೆ ಎಂದು ಕೇಳುವವರಿದ್ದಾರೆ. ಪರದೆಯ ಮೇಲೆ ಯಾರ ಬದುಕು ಕಾಣುತ್ತದೆಯೋ ಅವರ ಮಾತಿಗೆ ಬೆಲೆ ಬರುತ್ತದೆ. ಗಿರಣಿಯ ಹೆಣ್ಣುಮಗಳ ಕಥೆ, ಉದ್ರಿ ಕೊಟ್ಟು ಮುಳುಗಿದ ಅಂಗಡಿಯವನ ಕಥೆ ಮೂರು ದಿನಕ್ಕೆ ಎತ್ತಿ ಎಸೆಯಲ್ಪಟ್ಟರೆ ನಾಲ್ಕನೆಯ ದಿನ ಅಂಥ ಕಥೆ ಬರೆಯುವವನೇ ಇರುವುದಿಲ್ಲ. ಮಂಗಳವಾರ ಬಾಗಿಲಿನಿಂದ ಮರಳಿದಾಗ ನಮ್ಮೊಡನೆ ಬಂದಿದ್ದ ಹುಡುಗಿಯೊಬ್ಬಳು, “ಆ ಅಮ್ಮನ ಮಗ ಓದಿದನೋ ಇಲ್ಲವೋ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಚಿತ್ರವನ್ನು ಮರಳಿ ತರಿಸಿ ಒಂದು ಮಂಗಳವಾರ ತೋರಿಸಲು ಮ್ಯಾನೇಜರರು ಒಪ್ಪಿದ್ದಾರೆ. ಇನ್ನೂರು ಟಿಕೆಟಿಗೆ ಮುಂಗಡ ಬೇಕೆಂದಿದ್ದಾರೆ. ಬರುವ ಭಾನುವಾರ ಸಂಜೆ ಐದಕ್ಕೆ ಗಿರಣಿಯ ಎದುರಿನ ಚಹದ ಅಂಗಡಿಯ ಹತ್ತಿರ ಪಟ್ಟಿ ಹಿಡಿದು ಕುಳಿತಿರುತ್ತೇನೆ. ಹೆಸರು ಬರೆಸಿ, ಹತ್ತು ರೂಪಾಯಿ ಕೊಟ್ಟು, ರಸೀದಿ ಪಡೆಯಿರಿ.